ವಯೋಮಿಂಗ್‌ಗೆ ಹೋಗೋದಾ, ಬೇಡವಾ?

ಹಿಂದೊಮ್ಮೆ ಈ ಅಂಕಣದಲ್ಲಿ, ನಾನು ಸಂಸಾರ ಸಮೇತ ವಯೋಮಿಂಗ್‌ನ ಕ್ಯಾಸ್ಪರ್‌ನಲ್ಲಿ ಕೆಲವು ವರ್ಷ ಇದ್ದವಳು ಎಂದು ಮಾತಿನ ನಡುವೆ ಬರೆದಿದ್ದೆ. ಅದನ್ನು ಹಿಡಿದುಕೊಂಡು ಪತ್ರಗಳು ಬರುತ್ತಲೇ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಅಮೆರಿಕದ ಪಶ್ಚಿಮದ ಆ ಹಳ್ಳಿಗಾಡು ರಾಜ್ಯಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ. ಪತ್ರಗಳು ಉದ್ದ ಇದ್ದವು, ಕತ್ತರಿ ಹಾಕಿದ್ದೇನೆ, ಬೇಜಾರಾಗಬೇಡಿ.

ಪ್ರಶ್ನೆ: ಮೇಡಂ, ನಾವು ಹುಬ್ಬಳ್ಳಿಯವರು, ಈಗ ಡೆಟ್ರಾಯಿಟ್ ಹತ್ತಿರ ಇದ್ದೇವೆ. ನಮ್ಮ ಯಜಮಾನರು ಜೆ-1 ವೀಸಾದಲ್ಲಿ (ತರಬೇತಿಗೆ ಬಂದವರಿಗೆ ಕೊಡುವುದು) ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅಂದರೆ ವೈದ್ಯರ ತರಬೇತಿ ಮಾಡುತ್ತಿದ್ದಾರೆ, ಮುಂದಿನ ಜೂನ್‌ಗೆ ಮುಗಿಯುತ್ತದೆ. ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಿಂದ ಹಾಸ್ಪಿಟಲಿಸ್ಟ್ (ಆಸ್ಪತ್ರೆಗೆ ದಾಖಲಾದವರನ್ನು ನೋಡಿಕೊಳ್ಳುವ ಡಾಕ್ಟರ್) ಕೆಲಸ ಬಂದಿದೆ. ಮಿಷಿಗನ್‌ನಲ್ಲೇ ಇನ್ನೊಂದು ಆಫರ್ ಇದೆ, ಆದರೆ ವಯೋಮಿಂಗ್‌ನವರು ಅದಕ್ಕಿಂತ ವರ್ಷಕ್ಕೆ 70 ಸಾವಿರ ಡಾಲರ್ ಜಾಸ್ತಿ ಕೊಡುತ್ತಾರೆ. ಯಜಮಾನರಿಗೆ ಹೋಗಲೇಬೇಕು ಅಂತಿದೆ. ನನಗೆ ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಇದೆ. ಮಗಳು ಎರಡನೇ ಕ್ಲಾಸು, ಮಗನಿಗೆ ಮೂರು ವರ್ಷ. ಜುಲೈನಲ್ಲಿ ಹೋಗಿ ಊರು ನೋಡಿ ಬಂದೆವು, ಚೆನ್ನಾಗಿಯೇ ಇತ್ತು. ಆದರೂ ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮಿಷಿಗನ್

ಉತ್ತರ: ಮೊದಲು ನಿಮ್ಮ ಕೆಲಸದ ಮಾತು ಆಡೋಣ. ಸಂಬಳ, ಚಳಿ, ಸ್ಕೂಲು ಎಲ್ಲ ಆಮೇಲೆ. ಈಗ ನೀವು ಜೆ-2ದಲ್ಲಿ, ಅಂದರೆ ಜೆ-1ನವರ ಹೆಂಡತಿಗೆ ಸಿಗುವ ವೀಸಾದಲ್ಲಿ ಇರುವುದರಿಂದ ಪರವಾನಗಿ ತೆಗೆದುಕೊಂಡು ದುಡಿಯುತ್ತಿದ್ದೀರಿ. ಯಜಮಾನರು ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಬದಲಾದರೆ ನೀವು ಅದರ ಜೊತೆಗಾರರ ವೀಸಾ ಎಚ್-4 ಆಗುತ್ತೀರಿ, ಆ ಪರವಾನಗಿ ಅಲ್ಲಿಗೆ ಮುಗಿಯಿತು. ಎಚ್-4ನವರಿಗೆ ಕೆಲಸ ಮಾಡುವ ಅವಕಾಶ ಸಿಗುವುದು ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದ ಮೇಲೆ. 2015ರಿಂದ ನಿಯಮ ಹಾಗಿದೆ. ನಿಮ್ಮ ಈಗಿನ ಕಂಪನಿ "ಎಲ್ಲಿಗೆ ಬೇಕಾದರೂ ಹೋಗಿ, ಅಲ್ಲಿಂದಲೇ ಮಾಡಿ" ಎಂದರೂ ನೀವು ಲ್ಯಾಪ್‌ಟಾಪ್ ಮುಟ್ಟುವ ಹಾಗಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ, ನಿಮಗಂತೂ ಹೇಳಿದ ಹಾಗೆ ಕಾಣುವುದಿಲ್ಲ.

ಮಿಷಿಗನ್‌ನಲ್ಲೇ ಉಳಿದರೂ ಇದೇ ಕಥೆ, ಅದನ್ನೂ ಹೇಳಿಬಿಡುತ್ತೇನೆ. ಜೆ-1ರಲ್ಲಿ ಕಲಿತ ವೈದ್ಯರು ಎರಡು ವರ್ಷ ತಮ್ಮ ದೇಶಕ್ಕೆ ವಾಪಸ್ ಹೋಗಬೇಕು, ಇಲ್ಲವಾದರೆ ಆ ಷರತ್ತಿಗೆ ವಿನಾಯಿತಿ ಪಡೆಯಬೇಕು. ಹೆಚ್ಚಿನವರು ಹಿಡಿಯುವ ದಾರಿ ಕಾನ್ರಾಡ್ 30 ಎಂಬ ಯೋಜನೆ. ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡುತ್ತೇನೆ ಎಂದು ಬರೆದುಕೊಡಬೇಕು, ಆ ಮೂರು ವರ್ಷ ಎಚ್-1ಬಿಯಲ್ಲೇ ಇರಬೇಕು. ಬೇಡಿಕೆ ಇರುವ ದೊಡ್ಡ ರಾಜ್ಯಗಳಲ್ಲಿ ಈ ಜಾಗಗಳು ಬೇಗ ತುಂಬಿಹೋಗುತ್ತವೆ, ವಯೋಮಿಂಗ್‌ನಲ್ಲಿ ಆ ನೂಕುನುಗ್ಗಲು ಇಲ್ಲ. ನಿಮ್ಮ ಯಜಮಾನರಿಗೆ ಅಲ್ಲಿ ಸುಲಭ ಕಂಡಿರುವುದಕ್ಕೆ ಇದೂ ಒಂದು ಕಾರಣ ಇರಬೇಕು. ಎರಡು ಕಡೆಯೂ ನೀವು ಸ್ವಲ್ಪ ಕಾಲ ಮನೆಯಲ್ಲಿ ಕೂರುವುದು ತಪ್ಪುವುದಿಲ್ಲ. ವ್ಯತ್ಯಾಸ ಬರುವುದು ಪರವಾನಗಿ ವಾಪಸ್ ಬಂದ ಮೇಲೆ. ಡೆಟ್ರಾಯಿಟ್ ಸುತ್ತ ಹುಡುಕಿದರೆ ಕೆಲಸ ಸಿಗುತ್ತದೆ, ರಾಕ್ ಸ್ಪ್ರಿಂಗ್ಸ್‌ನಲ್ಲಿ ಟೆಸ್ಟಿಂಗ್ ಕೆಲಸ ಅಂತ ಒಂದು ಇರುವುದೇ ಅನುಮಾನ. ಮನೆಯಿಂದಲೇ ಮಾಡುವ ಕೆಲಸ ಹುಡುಕಿಕೊಳ್ಳಬೇಕು, ಇಲ್ಲವೇ ದಾರಿ ಬದಲಿಸಬೇಕು.

ಆ ಕಾಯುವ ಕಾಲ ಕಡಿಮೆ ಮಾಡುವುದಕ್ಕೆ ದಾರಿ ಇದೆ. ಕೊರತೆ ಇರುವ ಜಾಗದಲ್ಲಿ ಒಟ್ಟು ಐದು ವರ್ಷ ಕೆಲಸ ಮಾಡುವ ವೈದ್ಯರಿಗೆ ರಾಷ್ಟ್ರೀಯ ಹಿತಾಸಕ್ತಿಯ ಆಧಾರದಲ್ಲಿ ಐ-140 ಹಾಕಲು ಬರುತ್ತದೆ, ಕಾನ್ರಾಡ್‌ನ ಮೂರು ವರ್ಷ ಆ ಐದರೊಳಗೇ ಲೆಕ್ಕಕ್ಕೆ ಬರುತ್ತದೆ. ಐದು ವರ್ಷ ಮುಗಿಯಲಿ ಎಂದು ಕಾಯಬೇಕಾಗಿಲ್ಲ, ಕೆಲಸ ಶುರುವಾದ ಹೊಸತರಲ್ಲೇ ಹಾಕಬಹುದು. ಅದು ಮಂಜೂರಾದರೆ ನಿಮ್ಮ ಎಚ್-4 ಪರವಾನಗಿಗೆ ಬಾಗಿಲು ತೆರೆಯುತ್ತದೆ. ಗ್ರೀನ್ ಕಾರ್ಡ್ ಕೈಗೆ ಬರುವುದು ಬೇರೆ ಮಾತು, ಭಾರತೀಯರ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಹಾಗಾಗಿ ಸಹಿ ಹಾಕುವ ಮೊದಲು ಆಸ್ಪತ್ರೆಯಿಂದ ಒಂದು ಮಾತು ಬರಹದಲ್ಲಿ ತೆಗೆದುಕೊಳ್ಳಿ: ಈ ಅರ್ಜಿಗೆ ಬೇಕಾದ ಪತ್ರಗಳನ್ನು ಮೊದಲ ಕೆಲವು ತಿಂಗಳಲ್ಲೇ ಕೊಡುತ್ತೇವೆ ಅಂತ. ಅರ್ಜಿಗೆ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಆಸ್ಪತ್ರೆ ಕೊಡುವ ವಕೀಲರು ಒಳ್ಳೆಯವರೇ ಇರಬಹುದು, ಆದರೆ ಅವರು ಆಸ್ಪತ್ರೆಯ ವಕೀಲರು. ಇನ್ನೊಂದು: ವೀಸಾ ಬದಲಾವಣೆಯ ಅರ್ಜಿ ಒಳಗಿರುವಾಗ ಅಣ್ಣನ ಮದುವೆ ಇರಲಿ, ಗೃಹಪ್ರವೇಶ ಇರಲಿ, ಊರಿಗೆ ಹೊರಡಬೇಡಿ. ದೇಶ ಬಿಟ್ಟರೆ ಆ ಅರ್ಜಿ ಕೈಬಿಟ್ಟ ಹಾಗೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಒಂದು ಲಕ್ಷ ಡಾಲರ್ ಶುಲ್ಕದ ಆದೇಶವೂ, ಆಮೇಲೆ ಸರ್ಕಾರ ಕೊಟ್ಟ ವಿವರಣೆಯ ಪ್ರಕಾರ, ದೇಶದ ಒಳಗೇ ವೀಸಾ ಬದಲಿಸಿಕೊಳ್ಳುವವರಿಗೆ ತಗಲುವುದಿಲ್ಲ. ಹೊರಗೆ ಹೋದರೆ ಲೆಕ್ಕ ಬೇರೆಯಾಗಬಹುದು.

ಕಾಂಟ್ರ್ಯಾಕ್ಟ್ ಓದಿ. ಯಜಮಾನರು ಓದುತ್ತಾರೆ ಅಂತ ಬಿಡಬೇಡಿ, ರೆಸಿಡೆನ್ಸಿಯ ಕೊನೆಯ ವರ್ಷದಲ್ಲಿ ಇರುವವರಿಗೆ ನಿದ್ದೆಗೇ ಟೈಮ್ ಇರುವುದಿಲ್ಲ. ಮೂರು ವರ್ಷದ ಒಳಗೆ ಬಿಟ್ಟರೆ ಸೇರುವಾಗ ಕೊಟ್ಟ ಬೋನಸ್ ವಾಪಸ್ ಕೇಳುತ್ತಾರಾ, ಪೂರ್ತಿನಾ ಉಳಿದ ತಿಂಗಳ ಲೆಕ್ಕದಲ್ಲಾ? ಆಸ್ಪತ್ರೆಯೇ ಕಾರಣ ಹೇಳದೆ 90 ದಿನದ ನೋಟಿಸ್ ಕೊಟ್ಟು ಕಳಿಸಬಹುದಾ? ಬಹಳ ಕಾಂಟ್ರ್ಯಾಕ್ಟ್‌ಗಳಲ್ಲಿ ಈ ಸಾಲು ಇರುತ್ತದೆ. ಸಾಮಾನ್ಯ ವೈದ್ಯನಿಗೆ ಅದರಿಂದ ಅಷ್ಟೇನೂ ನಷ್ಟ ಇಲ್ಲ. ವೀಸಾ ಮೇಲೆ ಇರುವವನು ಮಾತ್ರ ಕೊರತೆ ಇರುವ ಇನ್ನೊಂದು ಜಾಗ ಹುಡುಕಿ, ಕಾಗದಪತ್ರ ಬದಲಿಸಿ, ಉಳಿದ ಅವಧಿ ಮುಗಿಸಬೇಕು. ಮಾಲ್‌ಪ್ರಾಕ್ಟೀಸ್ ವಿಮೆ (ಚಿಕಿತ್ಸೆ ತಪ್ಪಾಯಿತೆಂದು ರೋಗಿ ಹಾಕುವ ಕೇಸಿಗೆ) ಯಾವ ಬಗೆಯದು, ಕೆಲಸ ಬಿಟ್ಟ ಮೇಲೆ ಬರುವ ಕೇಸುಗಳಿಗೆ ಬೇಕಾದ "ಟೇಲ್" ವಿಮೆಯ ದುಡ್ಡು ಯಾರು ಕಟ್ಟುತ್ತಾರೆ? ಈ ಒಂದೇ ಪ್ರಶ್ನೆಯಲ್ಲಿ ಸಾವಿರಾರು ಡಾಲರ್ ಅಡಗಿರುತ್ತದೆ.

ಹಣ ಜಾಸ್ತಿ ಇರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ವಯೋಮಿಂಗ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಮಿಷಿಗನ್‌ನಲ್ಲಿ 4.25 ಶೇಕಡಾ ಇದೆ, 3 ಲಕ್ಷ ಡಾಲರ್ ಸಂಬಳಕ್ಕೆ ಅದೇ 12 ಸಾವಿರ ಚಿಲ್ಲರೆ ಆಯಿತು. ಆದರೆ ಅಲ್ಲಿ ಖರ್ಚು ಬೇರೆ ರೂಪದಲ್ಲಿ ಬರುತ್ತದೆ. ಎರಡು ಗಟ್ಟಿ ಕಾರು, ಅವಕ್ಕೆ ಚಳಿಗಾಲದ ಟೈರು, ಊರಿಗೆ ಹೋಗುವಾಗ ಡೆನ್ವರ್‌ನಲ್ಲೋ ಸಾಲ್ಟ್ ಲೇಕ್‌ನಲ್ಲೋ ಒಂದು ರಾತ್ರಿ ಹೋಟೆಲ್, ಮಗುವಿಗೆ ಸ್ಪೆಷಲಿಸ್ಟ್ ಬೇಕೆಂದರೆ 290 ಕಿಲೋಮೀಟರ್ ದೂರದ ಸಾಲ್ಟ್ ಲೇಕ್ ಸಿಟಿ.

ಜಾಗದ ಅಂದಾಜು ಹೇಳಬೇಕೆಂದರೆ ಇಷ್ಟೇ. 2020ರ ಜನಗಣತಿಯಲ್ಲಿ ಇಡೀ ವಯೋಮಿಂಗ್‌ನ ಜನ 5.77 ಲಕ್ಷ. ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆಗಿಂತ ಸ್ವಲ್ಪ ಜಾಸ್ತಿ, ಆದರೆ ಅಷ್ಟು ಜನ ಹರಡಿಕೊಂಡಿರುವುದು ಕರ್ನಾಟಕಕ್ಕಿಂತ ದೊಡ್ಡ ನೆಲದಲ್ಲಿ. ರಾಕ್ ಸ್ಪ್ರಿಂಗ್ಸ್‌ನಲ್ಲಿ 23 ಸಾವಿರ ಚಿಲ್ಲರೆ ಜನ. ಆ ರಾಜ್ಯದ ಮಟ್ಟಿಗೆ ಅದು ದೊಡ್ಡ ಊರೇ! ಕಮ್ಯೂನಿಟಿ ಕಾಲೇಜ್ ಇದೆ, ಡೆನ್ವರ್‌ಗೆ ವಿಮಾನ ಇದೆ.

ನೀವು ಜುಲೈನಲ್ಲಿ ನೋಡಿದ್ದೀರಿ. ಜುಲೈನಲ್ಲಿ ವಯೋಮಿಂಗ್ ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಸಂಜೆ ಒಂಬತ್ತರವರೆಗೆ ಬೆಳಕು, ತಂಪು ಗಾಳಿ, ಎಲ್ಲರ ಮುಖದಲ್ಲೂ ನಗು. ಫೆಬ್ರವರಿಯಲ್ಲಿ ಇನ್ನೊಮ್ಮೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆಸ್ಪತ್ರೆಯವರ ಊಟಕ್ಕೆ, ಟೂರಿಗೆ ಅಂತ ಟೈಮ್ ಕೊಡಬೇಡಿ, ಯಜಮಾನರನ್ನು ಅವರ ಪಾಡಿಗೆ ಬಿಟ್ಟು ನೀವು ಮಕ್ಕಳ ಜೊತೆ ಸುಮ್ನೆ ಒಂದು ಪೂರ್ತಿ ಮಂಗಳವಾರ ಕಳೆಯಿರಿ. ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲಿಗೆ ಹೋಗುತ್ತೀರಿ, ಯಾರ ಜೊತೆ ಮಾತಾಡುತ್ತೀರಿ, ಅದು ಗೊತ್ತಾಗಲಿ. ಮಿಷಿಗನ್‌ನ ಹಿಮ ಕಂಡವರಿಗೆ ಚಳಿ ಹೊಸದಲ್ಲ, ಹೊಸದಾಗುವುದು ಗಾಳಿ. ಬಿಡದೆ, ವಾರಗಟ್ಟಲೆ ಬೀಸುತ್ತದೆ. ಬಿದ್ದ ಹಿಮ ನೆಲದಲ್ಲಿ ನಿಲ್ಲದೆ ರಸ್ತೆಗೆ ಅಡ್ಡಡ್ಡ ಹಾರುತ್ತದೆ, ಐ-80 ಹೆದ್ದಾರಿ ಮುಚ್ಚುತ್ತದೆ, ಮುಚ್ಚಿದರೆ ಊರು ಎರಡೂ ಕಡೆಯಿಂದ ಬಂದ್.

ಸ್ಕೂಲಿನ ಬಗ್ಗೆ ನೀವು ಹೆಚ್ಚು ಕೇಳಿಲ್ಲ, ನಾನೂ ಹೆಚ್ಚು ಹೇಳುವುದಿಲ್ಲ. ಕ್ಲಾಸಿನಲ್ಲಿ ಮಕ್ಕಳು ಕಡಿಮೆ ಇರುತ್ತಾರೆ, ಟೀಚರ್‌ಗೆ ನಿಮ್ಮ ಮಗಳ ಹೆಸರು ಮೊದಲ ವಾರದಲ್ಲೇ ಬಾಯಿಗೆ ಬಂದಿರುತ್ತದೆ. ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ವಾರಕ್ಕೆ ನಾಲ್ಕೇ ದಿನ ಸ್ಕೂಲು, ಕೇಳಿಕೊಳ್ಳಿ. ಮುಂದೆ ಅಲ್ಲೇ ಹೈಸ್ಕೂಲ್ ಮುಗಿಸಿದ ಮಕ್ಕಳಿಗೆ ಹ್ಯಾಥವೇ ಎಂಬ ರಾಜ್ಯದ ಸ್ಕಾಲರ್‌ಶಿಪ್ ಇದೆ, ಅದಕ್ಕೆ ಅರ್ಹತೆಯ ನಿಯಮಗಳಲ್ಲಿ ವಲಸೆಯ ಸ್ಥಿತಿಯನ್ನೂ ನೋಡುತ್ತಾರೆ.

ಹಾಸ್ಪಿಟಲಿಸ್ಟ್ ಕೆಲಸದಲ್ಲಿ ಒಂದು ಅನುಕೂಲ ಇದೆ. ಬಹಳ ಕಡೆ ಏಳು ದಿನ ಕೆಲಸ, ಏಳು ದಿನ ರಜೆ. ಕೆಲಸದ ವಾರದಲ್ಲಿ ದಿನಕ್ಕೆ 12 ಗಂಟೆ, ಅಪ್ಪ ಇದ್ದೂ ಇಲ್ಲದ ಹಾಗೆ. ರಜೆಯ ವಾರ ಮಾತ್ರ ನಿಮ್ಮದು. ಅದನ್ನು ಎಕ್ಸ್‌ಟ್ರಾ ಶಿಫ್ಟಿಗೆ ಮಾರುವುದಿಲ್ಲ ಎಂದು ಅವರಿಂದ ಈಗಲೇ ಮಾತು ತೆಗೆದುಕೊಳ್ಳಿ, ಏಕೆಂದರೆ ಸಣ್ಣ ಆಸ್ಪತ್ರೆಯಲ್ಲಿ ಸದಾ ಯಾರೋ ಒಬ್ಬರು ಕಡಿಮೆ ಇರುತ್ತಾರೆ, ಫೋನ್ ಬರುತ್ತದೆ, ಕೊಡುವ ದುಡ್ಡೂ ಚೆನ್ನಾಗಿರುತ್ತದೆ.

ಹೋಗಿ ಅಂತಲೋ ಬೇಡ ಅಂತಲೋ ಹೇಳಿ ಎಂದರೆ, ಹೀಗೆ ಹೇಳುತ್ತೇನೆ. ಐ-140 ಬೇಗ ಹಾಕುವ ಮಾತು ಬರಹದಲ್ಲಿ ಸಿಕ್ಕಿ, ಫೆಬ್ರವರಿಯ ಆ ಒಂದು ದಿನ ನಿಮಗೆ ಸಹಿಸುವಂತಿದ್ದರೆ ಹೋಗಿ, ಮೂರು ವರ್ಷ ದೊಡ್ಡದಲ್ಲ. ಎರಡರಲ್ಲಿ ಒಂದು ಇಲ್ಲದಿದ್ದರೂ ಮಿಷಿಗನ್ ಆಫರ್ ತೆಗೆದುಕೊಳ್ಳಿ. ಕೆಲಸ ಇರುವವರು ಎಲ್ಲಿ ಹೋದರೂ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಹೊರಡುತ್ತಾರೆ. ಊರು ಹೇಗಿದೆ ಅಂತ ಗೊತ್ತಾಗುವುದು ಮನೆಯಲ್ಲಿ ಉಳಿದವರಿಗೆ. ಆದರೆ ಸಾಮಾನ್ಯವಾಗಿ ಹೋಗೋದಾ ಬೇಡವಾ ಅಂತ ತೀರ್ಮಾನ ಮಾಡುವವರು ಕೋಟು ಹಾಕಿಕೊಳ್ಳುವವರೇ, ಅಲ್ವಾ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮಗ, ಸೊಸೆ ಜರ್ಸಿ ಸಿಟಿಯಲ್ಲಿ ಇದ್ದಾರೆ. ಮಗನ ಆಫೀಸು ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ನಲ್ಲಿ, ಎಚ್-1ಬಿ ವೀಸಾ. ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಕೆಲಸ. ಈಗ "ಅಪ್ಪ, ವಯೋಮಿಂಗ್‌ನಲ್ಲಿ ಟ್ಯಾಕ್ಸೇ ಇಲ್ಲ, ಮನೆ ಅಗ್ಗ, ಶಾಯನ್‌ಗೆ ಹೋಗುತ್ತೇವೆ" ಅನ್ನುತ್ತಾನೆ. ಇದು ಸರಿಯಾದ ಲೆಕ್ಕವೇ?
– ಎಸ್., ತುಮಕೂರು

ಉತ್ತರ: ಸರ್, ನೀವು ಬ್ಯಾಂಕಿನಲ್ಲಿ ಇದ್ದವರು, ಲೆಕ್ಕದ ವಾಸನೆ ಹಿಡಿದೇ ಬರೆದಿದ್ದೀರಿ. ಮಗನ ಲೆಕ್ಕದಲ್ಲಿ ಎರಡು ಕಡೆ ತೂತಿದೆ.

ವಯೋಮಿಂಗ್‌ನಲ್ಲಿ ಇಲ್ಲದಿರುವುದು ರಾಜ್ಯದ ಆದಾಯ ತೆರಿಗೆ, ಕೇಂದ್ರದ್ದು ಎಲ್ಲಿ ಹೋದರೂ ಬಿಡುವುದಿಲ್ಲ. ಅದಕ್ಕಿಂತ ಮುಖ್ಯ, ನ್ಯೂಯಾರ್ಕ್ ರಾಜ್ಯದ ನಿಯಮ ಒಂದಿದೆ. ಕಂಪನಿ ನ್ಯೂಯಾರ್ಕ್‌ನಲ್ಲಿದ್ದು, ಕೆಲಸದವನು ತನ್ನ ಅನುಕೂಲಕ್ಕೆ ಬೇರೆ ರಾಜ್ಯದಲ್ಲಿ ಕೂತು ಕೆಲಸ ಮಾಡಿದರೆ ಆ ಸಂಬಳಕ್ಕೆ ನ್ಯೂಯಾರ್ಕ್ ತೆರಿಗೆ ಹಾಕುತ್ತದೆ. ಕಂಪನಿಯ ಅಗತ್ಯಕ್ಕೇ ಅಲ್ಲಿ ಇರಬೇಕಾಯಿತು ಎಂದು ತೋರಿಸಿದರೆ ಮಾತ್ರ ಬಿಡುಗಡೆ. ಗುಡ್ಡ ನೋಡಬೇಕು ಅನ್ನಿಸಿತು ಎಂಬುದು ಕಂಪನಿಯ ಅಗತ್ಯ ಆಗುವುದಿಲ್ಲ. ಹಾಗಾಗಿ ಶಾಯನ್‌ನಲ್ಲಿ ಕೂತು ನ್ಯೂಯಾರ್ಕ್‌ಗೆ ತೆರಿಗೆ ಕಟ್ಟುವ ಪರಿಸ್ಥಿತಿ ಬರುತ್ತದೆ.

ಎರಡನೆಯದು ವೀಸಾ. ಎಚ್-1ಬಿ ಕೊಡುವುದು ಒಂದು ಜಾಗದ ಕೆಲಸಕ್ಕೆ. ಆ ಮಹಾನಗರ ವ್ಯಾಪ್ತಿ ಬಿಟ್ಟು ಬೇರೆ ಕಡೆ ವಾಸ ಮಾಡಿಕೊಂಡು ಕೆಲಸ ಮಾಡಬೇಕೆಂದರೆ ಕಂಪನಿ ಮೊದಲು ತಿದ್ದುಪಡಿ ಅರ್ಜಿ ಹಾಕಬೇಕು, 2015ರ ಒಂದು ತೀರ್ಪಿನ ನಂತರ ಇದು ಖಡಾಖಂಡಿತ. "ಮ್ಯಾನೇಜರ್‌ಗೆ ಹೇಳಿದ್ದೇನೆ, ಅವರು ಸರಿ ಅಂದರು" ಎಂದರೆ ಸಾಲದು, ಕಾಗದ ಆಗಬೇಕು. ಜೊತೆಗೆ ಊರು ನೋಡಿ ಸಂಬಳ ಇಳಿಸುವ ಕಂಪನಿಗಳೂ ಇವೆ.

ಇದೆಲ್ಲ ಸರಿಮಾಡಿಕೊಂಡು ಹೋಗುವುದೇ ಆದರೆ ಶಾಯನ್ ಕೆಟ್ಟ ಆಯ್ಕೆ ಅಲ್ಲ, ವಯೋಮಿಂಗ್‌ನ ಊರುಗಳಲ್ಲಿ ನಮ್ಮವರಿಗೆ ಎಲ್ಲಕ್ಕಿಂತ ಸಲೀಸು ಅದೇ. ರಾಜಧಾನಿ, 65 ಸಾವಿರ ಜನ, ವಾಯುಪಡೆಯ ನೆಲೆ ಇದೆ. ಕೊಲರಾಡೋದ ಫೋರ್ಟ್ ಕಾಲಿನ್ಸ್ 70 ಕಿಲೋಮೀಟರ್, ಡೆನ್ವರ್ 160. ಡೆನ್ವರ್ ಕಡೆ ಕನ್ನಡ ಕೂಟವೂ ಇದೆ, ಇಂಡಿಯನ್ ಅಂಗಡಿಗಳೂ ಇವೆ. ಆದರೆ ಕೆಲಸ ಹೋದರೆ? ಎಚ್-1ಬಿಯಲ್ಲಿ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಜರ್ಸಿಯಲ್ಲಿ ಆ 60 ದಿನಕ್ಕೆ ಹತ್ತಾರು ಕಂಪನಿ, ನೂರಾರು ಪರಿಚಯ. ಶಾಯನ್‌ನಲ್ಲಿ ಮನೆಯನ್ನೂ ಕೊಂಡು ಕೂತಿದ್ದರೆ ಗತಿ ಏನು? ಗ್ರೀನ್ ಕಾರ್ಡ್ ಬರುವ ತನಕ ಬಾಡಿಗೆ ಮನೆಯಲ್ಲೇ ಇರಲಿ ಎನ್ನುವುದು ನನ್ನ ಮಾತು. ಸೊಸೆಯ ಕೆಲಸದ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಆಕೆಯನ್ನೂ ಒಮ್ಮೆ ಫೋನಿನಲ್ಲಿ ಕೇಳಿ, ಮಗನ ಬಾಯಿಂದ ಅಲ್ಲ.

ಪ್ರಶ್ನೆ: ನನ್ನ ಮಗಳಿಗೆ ಜನವರಿ ಮೂರನೇ ವಾರದಲ್ಲಿ ಹೆರಿಗೆ. ಅಳಿಯಂದಿರಿಗೆ ರಾಲಿನ್ಸ್ ಹತ್ತಿರದ ತೈಲ ಸಂಸ್ಕರಣಾ ಘಟಕದಲ್ಲಿ ಕೆಲಸ, ಹೋದ ವರ್ಷ ಟೆಕ್ಸಾಸ್‌ನಿಂದ ಅಲ್ಲಿಗೆ ಬಂದರು. ಬಾಣಂತನಕ್ಕೆ ನಾನು ಹೋಗುತ್ತಿದ್ದೇನೆ. 61 ವರ್ಷ, ಬಿಪಿ ಇದೆ. ಏನೇನು ತಗೊಂಡು ಹೋಗಬೇಕು, ಹೇಗಿರುತ್ತದೆ ತಿಳಿಸಿ.
– ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ಸಾಮಾನಿನ ಪಟ್ಟಿಗಿಂತ ಮುಂಚೆ ಮಗಳಿಗೆ ಫೋನ್ ಮಾಡಿ ಒಂದು ವಿಷಯ ಕೇಳಿ: ಹೆರಿಗೆ ಯಾವ ಊರಿನಲ್ಲಿ? ರಾಲಿನ್ಸ್‌ನ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗವನ್ನು 2022ರಲ್ಲಿ ನಿಲ್ಲಿಸಿದರು, ಅದೇ ವರ್ಷ ಕೆಮ್ಮರರ್‌ನಲ್ಲೂ ನಿಂತಿತು. ಹೆರಿಗೆ ಕಡಿಮೆ, ದಾದಿಯರು ಸಿಗುವುದಿಲ್ಲ, ಖರ್ಚು ಹುಟ್ಟುವುದಿಲ್ಲ. ಹಳ್ಳಿಗಾಡಿನ ಆಸ್ಪತ್ರೆಗಳ ಕಷ್ಟ ಅಲ್ಲೂ ಅದೇ. ರಾಲಿನ್ಸ್‌ನವರು ಸಾಮಾನ್ಯವಾಗಿ ಪೂರ್ವಕ್ಕೆ 160 ಕಿಲೋಮೀಟರ್ ದೂರದ ಲಾರಮಿಗೆ ಹೋಗಬೇಕು. ನಡುವೆ ಎಲ್ಕ್ ಮೌಂಟನ್ ಎಂಬ ಗುಡ್ಡ ಇದೆ, ಚಳಿಗಾಲದಲ್ಲಿ ಐ-80 ಪದೇಪದೇ ಮುಚ್ಚುವುದು ಆ ತುಂಡಿನಲ್ಲೇ. ಜನವರಿ ಮೂರನೇ ವಾರ ಅಂದರೆ ಅದರ ನಡುಮಧ್ಯ.

ಹೆದರಿಸಲು ಹೇಳುತ್ತಿಲ್ಲ. ಅಲ್ಲಿಯ ಗರ್ಭಿಣಿಯರು ಇದಕ್ಕೆ ದಾರಿ ಮಾಡಿಕೊಂಡಿದ್ದಾರೆ. ದಿನ ಹತ್ತಿರ ಬಂದಾಗ ಲಾರಮಿಯಲ್ಲೇ ಒಂದು ಅಡುಗೆ ಮನೆ ಇರುವ ರೂಮು ಬಾಡಿಗೆ ಹಿಡಿದು ಅಲ್ಲೇ ಇದ್ದುಬಿಡುವುದು ಒಂದು. ಡಾಕ್ಟರ ಜೊತೆ ಮಾತಾಡಿ, ಹವಾಮಾನ ನೋಡಿ, ದಿನ ನಿಗದಿ ಮಾಡಿ ನೋವು ಬರಿಸುವುದು ಇನ್ನೊಂದು. ಎರಡರಲ್ಲಿ ಯಾವುದು ಅಂತ ಡಾಕ್ಟರು ಹೇಳಲಿ, ಆದರೆ "ನೋವು ಶುರುವಾದ ಮೇಲೆ ಹೊರಟರಾಯಿತು" ಎಂದು ಅಳಿಯಂದಿರು ಅಂದರೆ ನೀವು ಗಟ್ಟಿಯಾಗಿ ಬೇಡ ಅನ್ನಿ, ಅತ್ತೆ ಆಗಿ ಒಂದು ಸಲ ಅಷ್ಟು ಹೇಳಬಹುದು. ರೂಮು ಹಿಡಿಯುವುದಾದರೆ ನಿಮಗೂ ಜಾಗ ಇರುವ ಹಾಗೆ ನೋಡಿಕೊಳ್ಳಲಿ.

ಈಗ ನಿಮ್ಮ ವಿಷಯ. ರಾಲಿನ್ಸ್ ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರ್‌ಗೂ ಮೇಲಿದೆ, ಲಾರಮಿ ಹೆಚ್ಚುಕಡಿಮೆ ನಮ್ಮ ಊಟಿಯಷ್ಟು ಎತ್ತರ. ಊಟಿಯ ತೇವ ಮಾತ್ರ ಇಲ್ಲ, ಗಾಳಿ ಒಣ. ಮೊದಲ ಕೆಲವು ದಿನ ತಲೆನೋವು, ಏದುಸಿರು, ಮೂಗಿನಲ್ಲಿ ರಕ್ತ ಬರಬಹುದು. ನೀರು ಜಾಸ್ತಿ ಕುಡಿಯಿರಿ, ಮೊದಲ ವಾರ ಸೂಟ್‌ಕೇಸ್ ಎತ್ತಬೇಡಿ. ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ ಈ ಎತ್ತರದ ವಿಷಯ ಹೇಳಿ, ಇರುವಷ್ಟು ದಿನಕ್ಕೂ ಮಾತ್ರೆ ಚೀಟಿ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ. ಪ್ರವಾಸಿಗರ ವಿಮೆ ಮಾಡಿಸುವಾಗ ಮೊದಲೇ ಇರುವ ಬಿಪಿಗೆ ಸಂಬಂಧಿಸಿದ್ದು ಎಷ್ಟರ ಮಟ್ಟಿಗೆ ಬರುತ್ತದೆ ಎಂದು ಓದಿಸಿ ಕೇಳಿ, ಬಹಳ ವಿಮೆಗಳಲ್ಲಿ ಬರುವುದಿಲ್ಲ.

ಬಾಣಂತಿ ಲೇಹ, ಚಟ್ನಿಪುಡಿ, ಸಾರಿನ ಪುಡಿ ಒಯ್ಯಿರಿ, ಏನಿದೆ ಅಂತ ಅಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ತಿಳಿಸಿ. ಹಸಿ ಕರಿಬೇವು ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲೇ ಎಸೆಯುತ್ತಾರೆ. ಮಗುವಿಗೆ ಸಾಂಬ್ರಾಣಿ ಹಾಕುವ ಆಸೆ ಇದ್ದರೆ ಮನೆಯ ಹೊಗೆ ಅಲಾರಂ ಅಳುವುದಕ್ಕೆ ಸಿದ್ಧವಾಗಿರಿ, ಮಗುವಿಗಿಂತ ಜೋರಾಗಿ ಅಳುತ್ತದೆ. ಮಗುವಿನ ಕೋಣೆಗೆ ತೇವ ಕೊಡುವ ಯಂತ್ರ ಒಂದು ತರಿಸಿ ಇಡಲು ಹೇಳಿ. ಇನ್ನು ಬೇಸರದ ಮಾತು. ಬೆಳಿಗ್ಗೆ ಹೂವು ಮಾರುವವರ ಕೂಗು ಇಲ್ಲ, ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಮಾತಾಡುವುದಿಲ್ಲ, ಸಂಜೆ ಐದಕ್ಕೆಲ್ಲ ಕತ್ತಲು. ಮಗಳು ಮೊದಲ ಮಗುವಿನ ನಿದ್ದೆಗೆಟ್ಟ ಸಿಟ್ಟಿನಲ್ಲಿರುತ್ತಾಳೆ. ಇದಕ್ಕೆ ನನ್ನ ಬಳಿ ಔಷಧಿ ಇಲ್ಲ. ಆ ಊರಿನ ಸಾರ್ವಜನಿಕ ಲೈಬ್ರರಿ ಬೆಚ್ಚಗಿರುತ್ತದೆ, ವಾರಕ್ಕೆ ಎರಡು ಸಲ ಕರೆದುಕೊಂಡು ಹೋಗಲಿ, ಅಲ್ಲಿಯ ಅಜ್ಜಿಯರು ನಿಮ್ಮ ಸೀರೆ ನೋಡಿ ತಾವಾಗಿ ಮಾತಿಗೆ ಬರುತ್ತಾರೆ.

ಪ್ರಶ್ನೆ: ಸಂಡೂರಿನ ಗಣಿಯಲ್ಲಿ ಎರಡು ವರ್ಷ ಕೆಲಸ ಮಾಡಿ, ಅಮೆರಿಕದಲ್ಲಿ ಮೈನಿಂಗ್ ಮಾಸ್ಟರ್ಸ್ ಮುಗಿಸಿದೆ. ವಯೋಮಿಂಗ್‌ನ ಗ್ರೀನ್ ರಿವರ್ ಹತ್ತಿರದ ಟ್ರೋನಾ ಎಂಬ ಖನಿಜದ ಗಣಿಯಲ್ಲಿ ಕೆಲಸ ಸಿಗುವ ಹಾಗಿದೆ. ಮದುವೆ ಆಗಿ ವರ್ಷ ಆಗಿದೆ. ಗೆಳೆಯರು "ಅಲ್ಲಿ ಎಲ್ಲರ ಹತ್ತಿರವೂ ಬಂದೂಕು, ಎಲ್ಲರೂ ರಿಪಬ್ಲಿಕನ್, ನಮ್ಮ ಬಣ್ಣದವರನ್ನು ಬಿಡುತ್ತಾರಾ" ಅಂತ ಹೆದರಿಸುತ್ತಿದ್ದಾರೆ. ನಿಜವೇ?
– ಒಬ್ಬ ಓದುಗ, ಹೊಸಪೇಟೆ ಮೂಲ

ಉತ್ತರ: ಬಂದೂಕು ಇದೆ, ರಿಪಬ್ಲಿಕನ್ ಮತವೂ ಹೌದು, 1964ರ ನಂತರ ಆ ರಾಜ್ಯ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಗೆಲ್ಲಿಸಿಲ್ಲ. ಆ ಎರಡರಿಂದ ನೀವು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಹಳೆಯದು ಸ್ವಲ್ಪ ತಿಳಿದಿರಲಿ. ನೀವು ಹೋಗುವ ಊರಿನ ಪಕ್ಕದ ರಾಕ್ ಸ್ಪ್ರಿಂಗ್ಸ್‌ನಲ್ಲಿ 1885ರ ಸೆಪ್ಟೆಂಬರ್ 2ರಂದು ಬಿಳಿಯ ಗಣಿ ಕಾರ್ಮಿಕರು ಚೀನೀ ಕಾರ್ಮಿಕರ ಮೇಲೆ ಬಿದ್ದು ಕನಿಷ್ಠ 28 ಜನರನ್ನು ಕೊಂದರು, ಅವರ ಮನೆಗಳನ್ನು ಸುಟ್ಟರು. ಅದೇ ಊರು ಈಗ ತನ್ನನ್ನು 56 ರಾಷ್ಟ್ರೀಯತೆಗಳ ಮನೆ ಎಂದು ಕರೆದುಕೊಳ್ಳುತ್ತದೆ, ಗಣಿಗೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಕ್ಕೆ. ಉತ್ತರದ ಶೆರಿಡನ್‌ಗೆ 1900ರ ದಶಕದ ಕೊನೆಯ ಹೊತ್ತಿಗೆ ಖೈಬರ್ ಕಡೆಯಿಂದ ಜರೀಫ್ ಖಾನ್ ಎಂಬುವವರು ಬಂದು, ತಮಾಲೆ ಎಂಬ ಮೆಕ್ಸಿಕೋದ ತಿಂಡಿ ಮಾರಿ ಊರಿಗೆಲ್ಲ ಬೇಕಾದವರಾದರು. 1926ರಲ್ಲಿ ಪೌರತ್ವ ಸಿಕ್ಕಿತು, ಏಷ್ಯಾದವನು ಎಂಬ ಕಾರಣಕ್ಕೆ ಅದನ್ನು ಕಿತ್ತುಕೊಂಡರು, ಮತ್ತೆ ಸಿಕ್ಕಿದ್ದು 1950ರ ದಶಕದಲ್ಲಿ. ಅವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಬೆಳೆದರು. ಎರಡೂ ಕಥೆ ಆ ನೆಲದ್ದೇ, ಒಂದನ್ನು ಮಾತ್ರ ಹೇಳುವವರನ್ನು ನಂಬಬೇಡಿ.

ಇವತ್ತಿನ ಮಾತಿಗೆ ಬಂದರೆ, ಕ್ಯಾಸ್ಪರ್‌ನಲ್ಲಿ ನಾನು ಕಂಡದ್ದು ಇದು. ನಿಮ್ಮ ಕಾರು ಹಿಮದಲ್ಲಿ ಹೂತರೆ ಮೊದಲು ಬರುವ ಪಿಕಪ್ ನಿಲ್ಲುತ್ತದೆ, ಎಳೆದು ಹಾಕುತ್ತದೆ, ಥ್ಯಾಂಕ್ಸ್‌ಗೂ ಕಾಯದೆ ಹೋಗುತ್ತದೆ. ಅದೇ ಮನುಷ್ಯ ನಿಮ್ಮನ್ನು ಮನೆಗೆ ಊಟಕ್ಕೆ ಕರೆಯಲು ವರ್ಷಗಟ್ಟಲೆ ತೆಗೆದುಕೊಳ್ಳಬಹುದು. ಎಲ್ಲಿಂದ ಬಂದಿರಿ ಎಂದು ಪದೇಪದೇ ಕೇಳುತ್ತಾರೆ, ಹೆಚ್ಚಿನ ಸಲ ಕುತೂಹಲಕ್ಕೆ, ಒಮ್ಮೊಮ್ಮೆ ಬೇರೆ ದನಿಯಲ್ಲಿ. ಗಣಿಯಲ್ಲಿ ನಿಮಗೆ ಪಾಳಿಯವರ ಗೆಳೆತನ ಬೇಗ ಸಿಗುತ್ತದೆ, ನೆಲದಡಿ ಕೆಲಸ ಮಾಡುವವರು ಒಬ್ಬರ ಮೇಲೊಬ್ಬರು ಭಾರ ಹಾಕಿಯೇ ಇರಬೇಕಲ್ಲ. ನಿಮ್ಮ ಹೆಂಡತಿಗೆ ಅದು ತಾನಾಗಿ ಸಿಗುವುದಿಲ್ಲ. ಡ್ರೈವಿಂಗ್ ಅವರೂ ಮೊದಲೇ ಕಲಿತು ಹೋಗಲಿ, ಇದು ನನ್ನ ಒಂದೇ ಹಟದ ಸಲಹೆ. ಕಾರು ಓಡಿಸಲು ಬಾರದೆ ಆ ರಾಜ್ಯದಲ್ಲಿ ಇರುವುದು ಗೃಹಬಂಧನ. ಓಡಿಸುವಾಗ ಚಳಿಗಾಲದಲ್ಲಿ ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ನೀರು, ತಿನ್ನಲು ಏನಾದರೂ ಸದಾ ಇರಲಿ. ರಸ್ತೆಯ ಮಾಹಿತಿಗೆ 511 ನೋಡಿಯೇ ಹೊರಡಿ. ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ.

ಕೆಲಸ ಗಟ್ಟಿಯೇ? ಟ್ರೋನಾದಿಂದ ಸೋಡಾ ಆಶ್ ತೆಗೆಯುತ್ತಾರೆ, ಗಾಜಿಗೂ ಸೋಪಿನ ಪುಡಿಗೂ ಅದು ಬೇಕು, ಅಮೆರಿಕದಲ್ಲಿ ತಯಾರಾಗುವುದರ ಬಹುಪಾಲು ಆ ಒಂದು ಕಣಿವೆಯದೇ. ಅದೇ ರಾಜ್ಯದ ಜಿಲೆಟ್ ಊರಿನ ಕಡೆಯ ಕಲ್ಲಿದ್ದಲು ಗಣಿಗಳಷ್ಟು ಏರುಪೇರು ಇಲ್ಲ. ಕೇಳಬೇಕಾದ ಪ್ರಶ್ನೆ, ಎಚ್-1ಬಿ ಲಾಟರಿಗೆ ಕಂಪನಿ ನಿಮ್ಮ ಹೆಸರು ಹಾಕುತ್ತದಾ, ಎಷ್ಟು ಸಲ. ಹಳ್ಳಿಗಾಡಿನ ಕಂಪನಿಗಳಲ್ಲಿ ಕೆಲವಕ್ಕೆ ಈ ಕಾಗದದ ಅಭ್ಯಾಸವೇ ಇರುವುದಿಲ್ಲ.

ಪ್ರಶ್ನೆ: ನಾನು ಬಿಎಸ್ಸಿ ನರ್ಸ್, ಐದು ವರ್ಷ ಅನುಭವ ಇದೆ. ಏಜೆಂಟ್ ಒಬ್ಬರು 8 ಲಕ್ಷ ಕೊಟ್ಟರೆ ಆರು ತಿಂಗಳಲ್ಲಿ ವಯೋಮಿಂಗ್ ಆಸ್ಪತ್ರೆಗೆ, ಗಂಡ ಮಕ್ಕಳ ಸಮೇತ ಗ್ರೀನ್ ಕಾರ್ಡ್ ಮೇಲೆ ಕಳಿಸುತ್ತೇನೆ ಅನ್ನುತ್ತಾರೆ.
– ಓದುಗಿ, ಮಂಗಳೂರು

ಉತ್ತರ: ಕೊಡಬೇಡಿ. ನರ್ಸ್‌ಗಳು ಹೋಗುವುದು ಇಬಿ-3 ಎಂಬ ಗ್ರೀನ್ ಕಾರ್ಡ್ ಸಾಲಿನಲ್ಲಿ, ಭಾರತದಲ್ಲಿ ಹುಟ್ಟಿದವರಿಗೆ ಆ ಸಾಲು 2025ರಲ್ಲಿ ಇನ್ನೂ 2013ರ ಅರ್ಜಿಗಳ ಹತ್ತಿರ ಇತ್ತು. ಆರು ತಿಂಗಳು ಎಂದವರು ಇದನ್ನು ತಿಳಿದೇ ಮುಚ್ಚಿಟ್ಟಿದ್ದಾರೆ, ಇಲ್ಲವೇ ತಿಳಿಯದವರು, ಎರಡರಲ್ಲಿ ಯಾವುದಾದರೂ ದುಡ್ಡು ಕೊಡಬೇಕಾದವರಲ್ಲ. ನಮ್ಮ ಸರ್ಕಾರದ ನಿಯಮದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಅವರ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯಾ ನೋಡಿ.

ಹೋಗುವ ಆಸೆ ಗಟ್ಟಿ ಇದ್ದರೆ ಎನ್‌ಕ್ಲೆಕ್ಸ್ ಎಂಬ ಅಮೆರಿಕದ ನರ್ಸ್ ಪರವಾನಗಿ ಪರೀಕ್ಷೆ ಬರೆಯಿರಿ, ಬೆಂಗಳೂರಿನಲ್ಲೇ ಕೇಂದ್ರ ಇದೆ. ಪಾಸಾದರೆ ಆ ಅರ್ಹತೆ ನಿಮ್ಮ ಕೈಯಲ್ಲಿ ಇರುತ್ತದೆ, ಸಾಲಿನಲ್ಲಿ ಹೆಸರು ಹಾಕಿಸಿ ಇಲ್ಲೇ ಕೆಲಸ ಮುಂದುವರಿಸಬಹುದು. ಆದರೆ ಸಾಲು ಬರುವ ಹೊತ್ತಿಗೆ ನಿಮ್ಮ ಮಕ್ಕಳ ವಯಸ್ಸೆಷ್ಟು ಎಂದು ಕೂಡಿ ನೋಡಿ. 21 ದಾಟಿದರೆ ಅವರು ನಿಮ್ಮ ಜೊತೆ ಬರಲಾಗದೆ ಉಳಿಯುವ ಸಂಭವ ಇದೆ.

ಪ್ರಶ್ನೆ: ಲಾರಮಿಯಲ್ಲಿ ಮಗ ಪಿಎಚ್‌ಡಿ, ಸೊಸೆಯೂ ಈಗ ಸೇರಿಕೊಂಡಿದ್ದಾಳೆ. ಅನ್ನ ಬೇಯುವುದಿಲ್ಲ, ದೋಸೆ ಹಿಟ್ಟು ಹುಳಿ ಬರುವುದಿಲ್ಲ ಅಂತ ದಿನಾ ಫೋನು. ಏನಾದರೂ ಹೇಳಿ.
– ಕೆ., ಸಾಗರ

ಉತ್ತರ: ಆ ಎತ್ತರದಲ್ಲಿ ನೀರು 93 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತಾ ಕೂತರೆ ಸಂಜೆಯಾಗುತ್ತದೆ. ಪ್ರೆಷರ್ ಕುಕ್ಕರ್ ಬೇಕೇ ಬೇಕು, ನೀರು ಸ್ವಲ್ಪ ಜಾಸ್ತಿ, ಸೀಟಿ ಎರಡು ಜಾಸ್ತಿ. ದೋಸೆ ಹಿಟ್ಟನ್ನು ಓವನ್ ಒಳಗೆ ಇಟ್ಟು ಓವನ್ ಹಚ್ಚದೆ ಒಳಗಿನ ಲೈಟ್ ಮಾತ್ರ ಹಾಕಿ ರಾತ್ರಿ ಬಿಡಲಿ, ಬೆಳಿಗ್ಗೆಗೆ ಉಬ್ಬುತ್ತದೆ. ಓವನ್ ಬಾಗಿಲಿಗೆ "ಹಿಟ್ಟು ಇದೆ" ಅಂತ ಒಂದು ಚೀಟಿ ಅಂಟಿಸಲಿ, ಇಲ್ಲದಿದ್ದರೆ ಮಗ ಬೆಳಿಗ್ಗೆ ಪಿಜ್ಜಾ ಬಿಸಿ ಮಾಡಲು ಹೋಗಿ ಪಾತ್ರೆ ಸಮೇತ ಬೇಯಿಸಿಬಿಡುತ್ತಾನೆ.